ಸೆಮಿಸ್ಟರಿನ ಕೊನೆಯ ನಾಲ್ಕು ವಾರ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿ ಬರೆಯಲಾಗಿದೆ.)



ಕಾಲೇಜಿನ ಮಕ್ಕಳಿಗೆ ಮಾತನಾಡಲು ಪ್ರಾಧ್ಯಾಪಕರೊಬ್ಬರನ್ನು ಕರೆಯದೆ, ಹೈಸ್ಕೂಲಿನಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ನನ್ನನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕಾರಣ ಇಷ್ಟೇ. ನಮ್ಮ ಶಾಲೆಯಿಂದ ಹೊರಟು ಶಿವಮೊಗ್ಗ, ಭದ್ರಾವತಿ, ಸಾಗರದ ಕಾಲೇಜುಗಳನ್ನು ಸೇರಿದ ಮಕ್ಕಳು ಈಗಲೂ ನನ್ನ ಬಳಿ ಬರುತ್ತಾರೆ. ಸೆಮಿಸ್ಟರ್ ಶುರುವಾಗುವಾಗ ಒಬ್ಬರೂ ಬರುವುದಿಲ್ಲ, ಆಗ ಎಲ್ಲರಿಗೂ ಹೊಸ ಬ್ಯಾಗು, ಹೊಸ ಸ್ನೇಹಿತರು. ಬರುವುದು ಕೊನೆಯ ತಿಂಗಳಲ್ಲಿ. "ಟೀಚರ್, ಕನ್ನಡ ಭಾಷಾ ಪತ್ರಿಕೆಯ ಎರಡು ಘಟಕ ಮುಟ್ಟಿಯೇ ಇಲ್ಲ, ಸ್ವಲ್ಪ ಹೇಳಿಕೊಡ್ತೀರಾ?" ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹೇಳಿಕೊಡುತ್ತೇನೆ. ಜೊತೆಗೆ, ಈ ಮೂರು ತಿಂಗಳು ಏನು ಮಾಡುತ್ತಿದ್ದೆ ಎಂದೂ ಕೇಳುತ್ತೇನೆ. ಆಗ ಬರುವ ಉತ್ತರಗಳೇ ಇಂದಿನ ನನ್ನ ಭಾಷಣಕ್ಕೆ ಆಧಾರ.

ಬಹುತೇಕರ ಉತ್ತರ ಒಂದೇ: "ಪುರಸೊತ್ತೇ ಸಿಗಲಿಲ್ಲ." ಈ 'ಪುರಸೊತ್ತು' ನಮ್ಮ ಉರ್ದುವಿನ 'ಫುರ್ಸತ್' ಎಂಬುದು ನಿಮಗೆ ಗೊತ್ತಿರಬಹುದು. ಆ ಮಾತಿಗೆ ಬಿಡುವು ಎಂಬ ಅರ್ಥದ ಜೊತೆಗೆ ಅವಕಾಶ ಎಂಬ ಅರ್ಥವೂ ಇದೆ. ಕನ್ನಡಕ್ಕೆ ಬರುವಾಗ ಬಿಡುವು ಮಾತ್ರ ಬಂದು, ಅವಕಾಶ ದಾರಿಯಲ್ಲೇ ಎಲ್ಲೋ ಉಳಿದುಬಿಟ್ಟಿದೆ. ಇನ್ನೊಂದು ಪದ 'ಕಲ್'. ಉರ್ದುವಿನಲ್ಲಿ ನಿನ್ನೆಯೂ ಕಲ್, ನಾಳೆಯೂ ಕಲ್. "ಕಲ್ ಪಡ್ತೌಂ ಅಮ್ಮಿ" ಎಂದು ಮಗ ಹೇಳಿದಾಗ ಪಾಪ ತಾಯಿಗೆ ಅದು ನಾಳೆಯ ಮಾತು ಎಂದೇ ನಂಬಿಕೆ. ನಮ್ಮ ಕನ್ನಡ ಈ ವಿಷಯದಲ್ಲಿ ಕಟ್ಟುನಿಟ್ಟು, ನಿನ್ನೆ ಬೇರೆ, ನಾಳೆ ಬೇರೆ. ಆದರೂ ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದನ್ನೇ ಪಠ್ಯಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟುಕೊಂಡವರಂತೆ ವರ್ತಿಸುವ ಮಕ್ಕಳನ್ನು ನಾನು ಕಂಡಿದ್ದೇನೆ. (ನಗು)

ಒಂದು ಸೆಮಿಸ್ಟರ್ ಎಂದರೆ ಸುಮಾರು 90 ಕೆಲಸದ ದಿನಗಳು. ಮೂರು ಕ್ರೆಡಿಟ್ಟಿನ ಒಂದು ವಿಷಯಕ್ಕೆ ಅಷ್ಟೂ ದಿನಗಳಲ್ಲಿ ಸಿಗುವುದು ಸುಮಾರು 45 ಗಂಟೆಯ ಪಾಠ. ಇದರಲ್ಲಿ ಕೊನೆಯ ನಾಲ್ಕು ವಾರ ಹೇಗಿರುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರು ಬಲ್ಲರು? ಉಪನ್ಯಾಸಕರು ಉಳಿದ ಪೋರ್ಷನ್ ಓಡಿಸುತ್ತಾರೆ. ರೆಕಾರ್ಡ್ ಪುಸ್ತಕ, ಅಸೈನ್‌ಮೆಂಟ್, ಸೆಮಿನಾರ್, ಎರಡನೆಯ ಇಂಟರ್ನಲ್ ಎಲ್ಲ ಒಂದೇ ವಾರಕ್ಕೆ ಬಂದು ಬೀಳುತ್ತವೆ. ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕೊರತೆಯವರ ಪಟ್ಟಿ. ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ, ಶುಲ್ಕ. ಇದರ ನಡುವೆ ಕಾಲೇಜು ದಿನಾಚರಣೆ, ಎಥ್ನಿಕ್ ಡೇ, ಅಂತಿಮ ವರ್ಷದವರ ಬೀಳ್ಕೊಡುಗೆ, ಗ್ರೂಪ್ ಫೋಟೋ. ಎಲ್ಲ ಮುಗಿದ ಮೇಲೆ ಕೈಗೆ ಸಿಗುವುದು ಸ್ಟಡಿ ಹಾಲಿಡೇ ಎಂಬ ಎಂಟು ಹತ್ತು ದಿನ. ಅದನ್ನು ಹಾಲಿಡೇ ಎಂದು ಕರೆದವರು ಯಾರೋ, ಮಕ್ಕಳು ಆ ಎರಡನೆಯ ಪದವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

ಈ ನಾಲ್ಕು ವಾರದಲ್ಲಿ ಗಮನ ಕೆಡಿಸುವ ಸಂಗತಿಗಳೆಲ್ಲ ಒಂದೇ ಜಾತಿಯವಲ್ಲ. ಇದನ್ನು ಪೋಷಕರೂ ಕೇಳಿಸಿಕೊಳ್ಳಬೇಕು. ಹುಡುಗನೊಬ್ಬ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವುದು ಒಂದು. ಇನ್ನೊಬ್ಬ ರಾತ್ರಿ ಒಂದು ಗಂಟೆಯವರೆಗೆ ಮದುವೆ ಮನೆಯಲ್ಲಿ ಕ್ಯಾಟರಿಂಗ್ ಕೆಲಸ ಮಾಡಿ ಬಂದು ತೂಕಡಿಸುವುದು ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಅಡಿಕೆ ಕೊಯ್ಲು ಅಕ್ಟೋಬರಿನಿಂದ ಜನವರಿಯ ತನಕ ನಡೆಯುತ್ತದೆ, ಸರಿಯಾಗಿ ಒಂದು ಮೂರು ಐದನೆಯ ಸೆಮಿಸ್ಟರುಗಳು ಮುಗಿಯುವ ಹೊತ್ತು. ಸಂಜೆ ಅಡಿಕೆ ಸುಲಿಯಲು ಹೋಗಿ ಆ ಕೂಲಿಯಿಂದ ಪರೀಕ್ಷಾ ಶುಲ್ಕ ಕಟ್ಟುವ ಮಕ್ಕಳಿದ್ದಾರೆ. ಗ್ಯಾರೇಜಿನಲ್ಲಿ, ಮೊಬೈಲ್ ಅಂಗಡಿಯಲ್ಲಿ ನಿಲ್ಲುವವರಿದ್ದಾರೆ. ಇವರನ್ನೂ ಫೋನ್ ಹಿಡಿದು ಕುಳಿತವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ 'ಈಗಿನ ಮಕ್ಕಳಿಗೆ ಶ್ರದ್ಧೆಯಿಲ್ಲ' ಎಂದು ಬೈಯುವ ಭಾಷಣಗಳನ್ನು ನಾನು ಬಹಳ ಕೇಳಿದ್ದೇನೆ. ಅಂಥ ಭಾಷಣ ಇಂದು ಇಲ್ಲ.

ಮೊದಲು ಫೋನಿನ ವಿಷಯ ಮುಗಿಸೋಣ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಇನ್ನು ಮಕ್ಕಳು ಓದುತ್ತಾರೆ ಎಂದು ಹಿಗ್ಗಿದ ಪೋಷಕರಿದ್ದರು. ಮರು ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದಿತು. ಹಾಗಾಗಿ ಯಾವುದೋ ಒಂದು ಆ್ಯಪ್ ಹೋದರೆ ಎಲ್ಲ ಸರಿಯಾಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಫೋನನ್ನು ಪೂರ್ತಿ ಬಿಡಿ ಎಂದು ಹೇಳಲೂ ಆಗುವುದಿಲ್ಲ. ಉಪನ್ಯಾಸಕರ ನೋಟ್ಸ್ ಬರುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಪರೀಕ್ಷೆಯ ವೇಳಾಪಟ್ಟಿ ಬರುವುದು ಅಲ್ಲೇ. ತೊಂದರೆ ಇರುವುದು ನೋಟ್ಸ್ ತೆಗೆಯಲು ಹೋದ ಕೈ ಅಲ್ಲಿಗೇ ನಿಲ್ಲದೆ ಮುಂದೆ ಸರಿಯುವುದರಲ್ಲಿ. ನೀವೇ ಹೇಳಿ, ಪಿಡಿಎಫ್ ತೆರೆಯಲು ಹೋಗಿ ಯಾರದೋ ಮದುವೆಯ ಮೆಹಂದಿ ನೋಡುತ್ತಾ ಮುಕ್ಕಾಲು ಗಂಟೆ ಕಳೆದದ್ದು ಎಷ್ಟು ಸಲ?

ಇದಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಡುಕೊಂಡ ಉಪಾಯ ನನಗೆ ಹಿಡಿಸಿತು. ಬಿ.ಕಾಂ. ಓದುತ್ತಿರುವ ಆಕೆ ವಾರಕ್ಕೊಮ್ಮೆ ಬೇಕಾದ ನೋಟ್ಸನ್ನು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುತ್ತಾಳೆ. ದುಡ್ಡು ಖರ್ಚಾಗುತ್ತದೆ, ನಿಜ. ಆದರೆ ಮಗ್ರಿಬ್ ನಂತರ ಫೋನ್ ಅಮ್ಮಿಯ ಅಲ್ಮಾರಿಯಲ್ಲಿ. "ಟೀಚರ್, ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಆಗಲ್ಲ, ಅದು ಕರೀತಾನೇ ಇರುತ್ತೆ" ಎಂದಳು. ಮನಸ್ಸಿನ ವಿಷಯದಲ್ಲಿ ಆಕೆಗೆ ನನ್ನ ಬಿ.ಎಡ್. ಪುಸ್ತಕಗಳಿಗಿಂತ ಹೆಚ್ಚು ಗೊತ್ತಿದೆ ಅನಿಸಿತು. ಫೋನ್ ಬಿಡಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ, ಊಟ ನಿದ್ರೆಯೇ ಕೆಟ್ಟಿದೆ ಎನ್ನುವ ಸ್ಥಿತಿ ಇದ್ದರೆ ಅದು ಬೈಗುಳದಿಂದ ಸರಿಹೋಗುವ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ಆರಂಭಿಸಿದೆ. ವೈದ್ಯರ ಬಳಿ ಹೋಗಬೇಕಾದ ಸಂಗತಿಯೂ ಇದಾಗಬಹುದು ಎಂದು ಪೋಷಕರಿಗೆ ತಿಳಿದಿರಲಿ.

ಇನ್ನು ಕ್ರಿಕೆಟ್. ನಾನೇನೂ ಕ್ರಿಕೆಟ್ ವಿರೋಧಿಯಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಸಲ ಕಪ್ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಮಲಗಿದವರು ಯಾರೂ ಇರಲಿಲ್ಲ. ಆದರೆ ಒಂದು ಲೆಕ್ಕ ಮಾಡಿ. ಐಪಿಎಲ್ ನಡೆಯುವುದು ಮಾರ್ಚ್ ಕೊನೆಯಿಂದ ಮೇ, ಜೂನ್ ತನಕ. ಒಂದು ತಂಡದ ಲೀಗ್ ಪಂದ್ಯಗಳು 14. ಒಂದಕ್ಕೆ ಮೂರೂವರೆ ಗಂಟೆ ಹಿಡಿದರೂ 49 ಗಂಟೆ. ಮೂರು ಕ್ರೆಡಿಟ್ಟಿನ ವಿಷಯಕ್ಕೆ 45 ಗಂಟೆ ಎಂದು ಆಗ ಹೇಳಿದೆನಲ್ಲ? ನಿಮ್ಮ ಮೆಚ್ಚಿನ ಒಂದೇ ತಂಡದ ಪಂದ್ಯಗಳನ್ನು ಮಾತ್ರ ನೋಡಿದರೂ ಒಂದು ಇಡೀ ವಿಷಯದ ಪಾಠಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಹೋಯಿತು. ಇಡೀ ಪಂದ್ಯದ ಬದಲು ಕೊನೆಯ ಐದು ಓವರ್ ನೋಡಿದರೆ ಯಾರ ಮನೆಯೂ ಮುಳುಗುವುದಿಲ್ಲ.

ನೋಡುವುದಕ್ಕಿಂತ ಕೆಟ್ಟದ್ದು ಹಣ ಕಟ್ಟಿ ಆಡುವುದು. ತಂಡ ಕಟ್ಟುವ ಆಟ, ರಮ್ಮಿ ಎಂದು ಹೆಸರು ಯಾವುದೇ ಇರಲಿ, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೂ ಆ ಕಾನೂನು ಇಟ್ಟುಕೊಂಡಿಲ್ಲ. ಆದರೂ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿ ಕರೆಯುವವರಿಗೆ ಕೊರತೆಯಿಲ್ಲ. ಪರೀಕ್ಷಾ ಶುಲ್ಕಕ್ಕೆಂದು ಅಬ್ಬಾ ಕೊಟ್ಟ ಹಣ ಅಲ್ಲಿ ಕಳೆದುಕೊಂಡು, ಅರ್ಜಿ ಹಾಕುವ ಕೊನೆಯ ದಿನ ದಾಟಿಸಿ, ಮನೆಯಲ್ಲಿ ಹೇಳಲಾರದೆ ಒದ್ದಾಡಿದ ಹುಡುಗನೊಬ್ಬನನ್ನು ನಾನು ಬಲ್ಲೆ. ಅವನ ಅಬ್ಬಾ ಗಾರೆ ಕೆಲಸದವರು. ಹೆಚ್ಚು ಹೇಳುವುದಿಲ್ಲ.

ಮಕ್ಕಳೇ, ಕೊನೆಯ ವಾರಗಳಲ್ಲಿ ಬರುವ ಇನ್ನೊಂದು ಮೋಸ 'ಇಂಪಾರ್ಟೆಂಟ್ ಕ್ವೆಶ್ಚನ್ಸ್' ಎಂಬ ಫಾರ್ವರ್ಡುಗಳು. 'ನೂರಕ್ಕೆ ನೂರು ಇದೇ ಬರುತ್ತೆ' ಎಂದು ಇರುತ್ತದೆ. ಯಾರು ಬರೆದದ್ದು, ಯಾವ ವರ್ಷದ್ದು, ಯಾವ ವಿಶ್ವವಿದ್ಯಾಲಯದ್ದು ಎಂಬ ವಿವರ ಇರುವುದಿಲ್ಲ. ಇದಕ್ಕೂ ಮುಂದೆ ಹೋಗಿ ಪತ್ರಿಕೆಯೇ ಸಿಕ್ಕಿದೆ ಎಂದು ಹಣ ಕೇಳುವವರಿದ್ದಾರೆ. ಹೆಚ್ಚಿನ ಸಲ ಅದು ಸುಳ್ಳು. ನಿಜವಾದಾಗಲೂ ಏನಾಯಿತು ಎಂದು ನೆನಪಿಸಿಕೊಳ್ಳಿ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಮಾರ್ಚ್ 21ರಂದು ಸೋರಿಕೆಯಾಯಿತು, ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಕೊನೆಗೆ ಏಪ್ರಿಲ್ 12ಕ್ಕೆ ಪರೀಕ್ಷೆ ನಡೆಯಿತು. ಹಣ ಕೊಟ್ಟವರಿಗೂ ಲಾಭವಾಗಲಿಲ್ಲ, ಏನೂ ಅರಿಯದ ಲಕ್ಷಾಂತರ ಮಕ್ಕಳು ಒಂದೇ ಪರೀಕ್ಷೆಗೆ ಮೂರು ಸಲ ಓದಿದರು. ಇಂಪಾರ್ಟೆಂಟ್ ಬೇಕೆಂದರೆ ನಿಮ್ಮದೇ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ ತೆಗೆದು ಎದುರಿಗಿಟ್ಟುಕೊಳ್ಳಿ. ಪಠ್ಯಕ್ರಮ ಬದಲಾಗಿದ್ದರೆ ಯಾವ ಪ್ರಶ್ನೆ ಈಗ ಹೊಂದುತ್ತದೆ, ಯಾವುದು ಇಲ್ಲ ಎಂದು ಉಪನ್ಯಾಸಕರನ್ನೇ ಕೇಳಿ. ನಮ್ಮ ರಾಜ್ಯದಲ್ಲಿ ಪದವಿಯ ಪಠ್ಯಕ್ರಮ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾಗಿದೆ. ಅಣ್ಣನ ನೋಟ್ಸ್ ತಮ್ಮನಿಗೆ ಹೊಂದದೆ ಇರುವುದು ಇದರಿಂದಲೇ.

ಓದುವುದು ಹೇಗೆ ಎಂಬ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಓದುತ್ತಾ ಕುಳಿತೂ ಸಮಯ ಕಳೆದುಕೊಳ್ಳಬಹುದು. ಬಿ.ಎಡ್. ಮಾಡಿದವರಿಗೆಲ್ಲ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಃಶಾಸ್ತ್ರಜ್ಞರ ಹೆಸರು ಗೊತ್ತಿರುತ್ತದೆ. ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಮರೆಯಿತು ಎಂದು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆ ಕಳೆಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನದ ನಂತರ ಉಳಿದದ್ದು ಮೂರನೆಯ ಒಂದು ಭಾಗ, ಒಂದು ತಿಂಗಳಾದ ಮೇಲೆ ಐದನೆಯ ಒಂದು ಭಾಗ. ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೆ ಅರ್ಥ ಮಾಡಿಕೊಳ್ಳದೆ ಉರು ಹೊಡೆದ ಅರ್ಥಶಾಸ್ತ್ರ ಆ ಅಕ್ಷರಗುಚ್ಛಗಳಿಗಿಂತ ಏನು ಬೇರೆ? ಇದರಲ್ಲಿ ಗಮನಿಸಬೇಕಾದದ್ದು, ಮರೆವು ಮೊದಲ ದಿನವೇ ಹೆಚ್ಚು. ಹಾಗಾಗಿ ಇಂದು ಓದಿದ್ದನ್ನು ನಾಳೆ ಹತ್ತು ನಿಮಿಷ ತಿರುವಿದರೆ ಅದಕ್ಕೆ ದೊಡ್ಡ ಬೆಲೆ.

ತಿರುವುವುದು ಎಂದರೆ ಮತ್ತೆ ಓದುವುದಲ್ಲ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಎರಡನೆಯ ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ, ಅವರಿಗೆ ಶೇ. 81ರಷ್ಟು ನೆನಪಿತ್ತು, ಬರೆದವರಿಗೆ ಶೇ. 75. ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು. ಓದಿದವರಿಗೆ ಶೇ. 42, ಬರೆದವರಿಗೆ ಶೇ. 56. ನಮ್ಮ ಮಕ್ಕಳು ಮೋಸ ಹೋಗುವುದು ಇಲ್ಲೇ. ಹಳದಿ ಗೆರೆ ಎಳೆದು ಎರಡು ಸಲ ಓದಿದಾಗ ಎಲ್ಲ ಬಂದಂತೆ ಅನಿಸುತ್ತದೆ. ಐದು ನಿಮಿಷಕ್ಕೆ ಅದು ನಿಜವೂ ಹೌದು. ಪರೀಕ್ಷೆ ಮಾತ್ರ ಐದು ನಿಮಿಷಕ್ಕೆ ಬರುವುದಿಲ್ಲ.

ಈ ಅಮೆರಿಕದ ಪ್ರಯೋಗ ಓದಿದಾಗ ನನಗೆ ನೆನಪಾದದ್ದು ನಮ್ಮ ಮದ್ರಸಗಳ 'ತಕ್ರಾರ್'. ಉಸ್ತಾದರ ಪಾಠವಾದ ಮೇಲೆ ನಾಲ್ಕೈದು ಮಂದಿ ಗುಂಡಾಗಿ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬನು ಅಂದಿನ ಪಾಠವನ್ನು ಉಸ್ತಾದರಂತೆಯೇ ಉಳಿದವರಿಗೆ ಹೇಳುತ್ತಾನೆ, ತಪ್ಪಿದಲ್ಲಿ ಉಳಿದವರು ಹಿಡಿಯುತ್ತಾರೆ. ತಕ್ರಾರ್ ಎಂದರೆ ಪುನರಾವರ್ತನೆ. ಅದೇ ಪದ ಕನ್ನಡದಲ್ಲಿ 'ತಕರಾರು' ಆಗಿ ಜಗಳಕ್ಕೆ ಇಳಿದಿದೆ, ಬಹುಶಃ ತಪ್ಪು ಹಿಡಿಯುವವರ ದನಿ ಜೋರಾಗಿತ್ತೋ ಏನೋ. (ನಗು) ನೀವು ನಾಲ್ವರು ಸೇರಿ ಇದನ್ನು ಮಾಡಿ. ಒಬ್ಬಳು ಲೆಕ್ಕಶಾಸ್ತ್ರದ ಒಂದು ಘಟಕ ಹೇಳಲಿ, ಇನ್ನೊಬ್ಬಳು ಕನ್ನಡದ ಪದ್ಯಭಾಗ ಹೇಳಲಿ. ಉರ್ದು ಮಾಧ್ಯಮದಿಂದ ಬಂದವರು ಮೊದಲು ಉರ್ದುವಿನಲ್ಲೇ ಹೇಳಿಕೊಳ್ಳಿ, ನಾಚಿಕೆ ಬೇಡ. ಅರ್ಥವಾದ ಮೇಲೆ ಅದನ್ನೇ ಪರೀಕ್ಷೆಯ ಭಾಷೆಯಲ್ಲಿ ಐದು ವಾಕ್ಯ ಬರೆಯಿರಿ. ಕಂಬೈಂಡ್ ಸ್ಟಡಿ ಎಂದು ಹೇಳಿ ಗೆಳೆಯನ ಮನೆಯ ಟೆರೇಸಿನಲ್ಲಿ ಬಿರಿಯಾನಿ ತಿಂದು ಬರುವುದು ಬೇರೆ ವಿದ್ಯೆ, ಅದನ್ನು ನಾನು ಕಲಿಸಬೇಕಾಗಿಲ್ಲ.

ನಿದ್ರೆಯ ಬಗ್ಗೆಯೂ ಎರಡು ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿದ್ದೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಕಲಿತ ನಂತರ ನಿದ್ರಿಸಿದವರಿಗೆ, ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿರುತ್ತದೆ ಎಂದು 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬುವರು ತೋರಿಸಿದ್ದರು. ಅವರು ಪರೀಕ್ಷಿಸಿದ್ದು ಇಬ್ಬರೇ ವಿದ್ಯಾರ್ಥಿಗಳನ್ನು. ಆದರೆ ನಂತರದ ನೂರು ವರ್ಷಗಳಲ್ಲಿ ನಿದ್ರೆಯ ಬಗ್ಗೆ ನಡೆದ ಅನೇಕ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿವೆ.

ರಮಝಾನ್ ತಿಂಗಳು ಪರೀಕ್ಷೆಯೊಂದಿಗೆ ಬಂದಾಗ ನಿದ್ರೆಯ ಲೆಕ್ಕ ಇನ್ನಷ್ಟು ಕಷ್ಟ. 2024 ಮತ್ತು 2025ರಲ್ಲಿ ನಮ್ಮ ಎಸೆಸೆಲ್ಸಿ ಮಕ್ಕಳು ಉಪವಾಸದಲ್ಲೇ ಪರೀಕ್ಷೆ ಬರೆದರು. ಚಾಂದ್ರಮಾನದ ತಿಂಗಳಾದ್ದರಿಂದ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಬರಲಿದೆ. ಅಂದರೆ ಇನ್ನು ಮುಂದೆ ಅದು ಎದುರಾಗುವುದು ಚಳಿಗಾಲದ ಸೆಮಿಸ್ಟರ್ ಪರೀಕ್ಷೆಗಳಿಗೆ. ನನ್ನ ಅನುಭವದಲ್ಲಿ ಸಹರಿಯ ನಂತರದ ಒಂದೂವರೆ ಗಂಟೆ ಓದಿಗೆ ಬಹಳ ಒಳ್ಳೆಯ ಹೊತ್ತು, ತಲೆ ತಿಳಿಯಾಗಿರುತ್ತದೆ, ಮನೆ ಸದ್ದಿಲ್ಲದೆ ಇರುತ್ತದೆ. ಮಧ್ಯಾಹ್ನ ಬೇಕಾದರೆ ಮಲಗಿ. ಆದರೆ ತರಾವೀಹ್ ಮುಗಿಸಿ ಸಹರಿಯ ತನಕ ಬೀದಿಯಲ್ಲಿ ಹರಟುತ್ತಾ ಕೂರುವ ಹುಡುಗರಿಗೆ ಆ ಬೆಳಗಿನ ಹೊತ್ತು ಸಿಗುವುದೇ ಇಲ್ಲ.

ಈಗ ಹೆಣ್ಣುಮಕ್ಕಳ ವಿಷಯ. ಇದನ್ನು ಪೋಷಕರಿಗೇ ಹೇಳುತ್ತೇನೆ. ಪರೀಕ್ಷೆ ಹತ್ತಿರವಾದಾಗ ಮಗನಿಗೆ "ಓದಿಕೋ ಬೇಟಾ" ಎಂದು ಚಹಾ ಕೊಟ್ಟು ಬಾಗಿಲು ಮುಚ್ಚುತ್ತೇವೆ. ಆ ಚಹಾ ಮಾಡಿದವಳು ಅದೇ ವಾರ ಪರೀಕ್ಷೆ ಇರುವ ಅವನ ಅಕ್ಕನೋ ತಂಗಿಯೋ ಆಗಿರುತ್ತಾಳೆ. ಖಾಲಾ ಮನೆಯ ಮದುವೆಗೆ ಮೂರು ದಿನ ಮೊದಲೇ ಹೋಗಬೇಕು, ಫುಪ್ಪು ಬಂದರೆ ಅಡುಗೆಗೆ ನಿಲ್ಲಬೇಕು, ಅಜ್ಜಿಗೆ ಹುಷಾರಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೂರಬೇಕು. ಇವು ಯಾವುವೂ ಕೆಟ್ಟ ಕೆಲಸಗಳಲ್ಲ. ಆದರೆ ಈ ಎಲ್ಲ ಕೆಲಸ ಸೆಮಿಸ್ಟರಿನ ಕೊನೆಯ ನಾಲ್ಕು ವಾರದಲ್ಲೂ ಒಬ್ಬಳ ಮೇಲೆಯೇ ಏಕೆ? ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೆ ಆದಾಯ ಪ್ರಮಾಣಪತ್ರ ತರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಲು ಸರದಿಯಲ್ಲಿ ನಿಲ್ಲುವುದು ಕೂಡ ಆಕೆಯೇ. ಅಬ್ಬಾ, ಭಾಯ್, ಯಾರಾದರೂ ಒಂದು ಬೆಳಿಗ್ಗೆ ಆ ಕೆಲಸಕ್ಕೆ ಹೋದರೆ ಆಕೆಗೆ ಒಂದು ಬೆಳಿಗ್ಗೆ ಉಳಿಯಿತು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಒಂದು ಪತ್ರಿಕೆ ಬಾಕಿ ಉಳಿಯುವುದು ಇಬ್ಬರಿಗೂ ಒಂದೇ ಅಲ್ಲ. ಬೆಸ ಸೆಮಿಸ್ಟರಿನ ಪತ್ರಿಕೆ ಹೋದರೆ ಅನೇಕ ಕಡೆ ಅದನ್ನು ಮತ್ತೆ ಬರೆಯಲು ಮುಂದಿನ ಬೆಸ ಸೆಮಿಸ್ಟರ್ ತನಕ ಕಾಯಬೇಕು. ಮಗ ಫೇಲಾದರೆ "ಮುಂದಿನ ಸಲ ಕಟ್ಟು" ಎನ್ನುತ್ತೇವೆ. ಮಗಳು ಫೇಲಾದರೆ "ಇಷ್ಟು ಓದಿದ್ದು ಸಾಕು" ಎಂಬ ಮಾತು ಬರುತ್ತದೆ, ಜೊತೆಗೆ ಒಂದು ಸಂಬಂಧವೂ ಬರುತ್ತದೆ. ನನ್ನ ಬಳಿ ಎಸೆಸೆಲ್ಸಿಯಲ್ಲಿ ಕನ್ನಡಕ್ಕೆ ನೂರಕ್ಕಿಂತ ಹೆಚ್ಚು ಅಂಕ ತೆಗೆದ ಹುಡುಗಿಯೊಬ್ಬಳು ಬಿ.ಎ. ಮೂರನೆಯ ಸೆಮಿಸ್ಟರಿನಲ್ಲಿ ಒಂದೇ ಒಂದು ಪತ್ರಿಕೆಯಲ್ಲಿ ನಾಲ್ಕು ಅಂಕದಿಂದ ಹೋದಳು. ಆ ವಾರ ಅವಳ ಮನೆಯಲ್ಲಿ ಮದುವೆಯಿತ್ತು. ಆ ಪತ್ರಿಕೆಯನ್ನು ಅವಳು ಮತ್ತೆ ಬರೆಯಲೇ ಇಲ್ಲ. ಈಗ ಅವಳಿಗೆ ಎರಡು ಮಕ್ಕಳು, ಸುಖವಾಗಿದ್ದಾಳೆ, ನನ್ನನ್ನು ಕಂಡಾಗಲೆಲ್ಲ ಪುಸ್ತಕ ಕೇಳಿ ಒಯ್ಯುತ್ತಾಳೆ. ಆ ನಾಲ್ಕು ಅಂಕ ನನ್ನ ಮನಸ್ಸಿನಿಂದ ಹೋಗಿಲ್ಲ.

ಕೊನೆಯ ವಾರಗಳಲ್ಲಿ ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು, ಎಲ್ಲ ಮುಗಿಯಿತು ಅನಿಸುವುದು ಆಗುತ್ತದೆ. ಅಂಥ ಹೊತ್ತಿನಲ್ಲಿ ಒಬ್ಬರೇ ಕೂರಬೇಡಿ. ಮನೆಯವರಿಗೆ ಹೇಳಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳಿಗಿಂತ ಮೊದಲು ತಾಯಂದಿರು ಈ ಸಂಖ್ಯೆಯನ್ನು ಬರೆದುಕೊಂಡರೆ ಒಳ್ಳೆಯದು.

ಪರೀಕ್ಷೆ ಶುರುವಾದ ಮೇಲಿನ ದಿನಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪತ್ರಿಕೆ ಬರೆದು ಹೊರಬಂದ ಕೂಡಲೇ ಗೇಟಿನ ಬಳಿ ನಿಂತು 'ಎರಡನೆಯದಕ್ಕೆ ಏನು ಬರೆದೆ' ಎಂದು ಹೋಲಿಸಬೇಡಿ. ಬರೆದದ್ದು ಬದಲಾಗುವುದಿಲ್ಲ, ನಾಳೆಯ ಪತ್ರಿಕೆಯ ಓದು ಮಾತ್ರ ಕೆಡುತ್ತದೆ. ಹಾಲ್ ಟಿಕೆಟಿನ ಒಂದು ಪ್ರತಿ ಮನೆಯಲ್ಲಿರಲಿ. ಆಯನೂರು, ಹೊಳೆಹೊನ್ನೂರು ಕಡೆಯಿಂದ ಬರುವವರು ಒಂದು ಬಸ್ಸು ಮೊದಲೇ ಹತ್ತಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ಆದರೆ ಅದು ಸರಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಓಡಾಡುವುದರಲ್ಲಿ ಖಾಸಗಿ ಬಸ್ಸುಗಳೂ ಬಹಳ. ಪರೀಕ್ಷೆಯ ದಿನ ಉಚಿತ ಬಸ್ಸಿಗೆ ಕಾಯುತ್ತಾ ತಡ ಮಾಡಿಕೊಳ್ಳಬೇಡಿ, ಕೈಯಲ್ಲಿ ಚಾರ್ಜಿಗೆ ದುಡ್ಡಿರಲಿ.

ಕಡೆಯದಾಗಿ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ಬೇಡಿಕೆ. ಎರಡು ಕೋಣೆಯ ಮನೆಯಲ್ಲಿ ಏಳು ಜನರಿರುವಾಗ ಮಗು ಎಲ್ಲಿ ಕುಳಿತು ಓದಬೇಕು? ನಮ್ಮ ಸಂಸ್ಥೆಗೆ ಮಹಡಿಯ ಮೇಲೆ ಗ್ರಂಥಾಲಯವಿದೆ, ಫ್ಯಾನು, ದೀಪ, ಬೆಂಚುಗಳಿವೆ. ಸಂಜೆ ಆರಕ್ಕೆ ಬೀಗ ಬೀಳುತ್ತದೆ. ಪರೀಕ್ಷೆಯ ಹಿಂದಿನ ನಾಲ್ಕು ವಾರ ಅದನ್ನು ರಾತ್ರಿ ಒಂಬತ್ತರ ತನಕ ತೆರೆದಿಡಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಹೆಣ್ಣುಮಕ್ಕಳಿಗೆ, ಅಲ್ಲಿಂದ ಮುಂದೆ ಹುಡುಗರಿಗೆ ಎಂದು ಹೊತ್ತು ಹಂಚಿ. ವಾರಕ್ಕೆ ಎರಡು ಸಂಜೆ ಕನ್ನಡ ಮತ್ತು ಉರ್ದು ಪತ್ರಿಕೆಗಳಿಗೆ ನಾನು ಬಂದು ಕೂರುತ್ತೇನೆ, ಗೌರವಧನ ಬೇಡ. ಬಾಗಿಲಲ್ಲಿ ಫೋನ್ ಇಡಲು ಒಂದು ಪೆಟ್ಟಿಗೆ ಮಾತ್ರ ಮಾಡಿಸಿಕೊಡಿ.

 

(ಕಾರ್ಯದರ್ಶಿಗಳು ವೇದಿಕೆಯಲ್ಲೇ ಈ ಬೇಡಿಕೆಗೆ ಒಪ್ಪಿಗೆ ಸೂಚಿಸಿದರು. ಗ್ರಂಥಾಲಯದ ಸಮಯ ಮತ್ತು ಮೇಲ್ವಿಚಾರಕರ ಸರದಿಯ ವಿವರ ಕಚೇರಿಯ ಸೂಚನಾ ಫಲಕದಲ್ಲಿದೆ. ಪೆಟ್ಟಿಗೆಯನ್ನು ಸದಸ್ಯರೊಬ್ಬರು ತಮ್ಮ ಬಡಗಿ ಅಂಗಡಿಯಲ್ಲಿ ಮಾಡಿಸಿ ಕಳಿಸಿದ್ದಾರೆ.)